ಬೀದಿ ಫೋಟೋಗ್ರಫಿಗೆ ಸಣ್ಣ ಕ್ಯಾಮೆರಾ, ಪ್ರೈಮ್ ಲೆನ್ಸ್ ಬೇಕೇ? 28 ಎಂಎಂ ಒಳ್ಳೆಯದೋ, 50 ಎಂಎಂ ಒಳ್ಳೆಯದೋ?

ನಿಮ್ಮ ಹತ್ತಿರ ಡಿಎಸ್‌ಎಲ್‌ಆರ್ ಇದೆ, ಜೊತೆಗೆ ಬಂದ 18-55 ಝೂಮ್ ಇದೆ, ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಫೋಟೋ ತೆಗೆಯುವ ಆಸೆ ಇದೆ ಎಂದು ಬರೆದಿದ್ದೀರಿ. ನಾನಾದರೆ ಸಣ್ಣ ಕ್ಯಾಮೆರಾನೇ ತೆಗೆದುಕೊಳ್ಳುತ್ತೇನೆ, ಅದೂ 28ರ ಲೆನ್ಸ್ ಇರುವುದನ್ನು. 28, 50 ಅನ್ನುವುದು ಲೆನ್ಸಿನ ಫೋಕಲ್ ಲೆಂತ್, ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮ್ ಅಳತೆಯ) ಕ್ಯಾಮೆರಾದ ಲೆಕ್ಕದಲ್ಲಿ; ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಅಗಲ ಕಾಣುತ್ತದೆ.

ಪ್ರೈಮ್ (ಝೂಮ್ ಆಗದ ಲೆನ್ಸ್) ಅಂದರೆ ಚಿತ್ರ ಶಾರ್ಪ್ ಆಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೀದಿಯಲ್ಲಿ ಅದು ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ದೂರ. ಲೆನ್ಸ್ ಒಂದೇ ಆದಾಗ, ಎಲ್ಲಿ ನಿಂತರೆ ಫ್ರೇಮ್‌ಗೆ ಏನೇನು ಬರುತ್ತದೆ ಅನ್ನುವುದು ಕ್ಯಾಮೆರಾ ಎತ್ತುವ ಮೊದಲೇ ಗೊತ್ತಿರುತ್ತದೆ. 28ರಲ್ಲಿ 2 ಮೀಟರ್ ದೂರದಿಂದ ಸುಮಾರು ಎರಡೂವರೆ ಮೀಟರ್ ಅಗಲ ಸಿಗುತ್ತದೆ. 50ರಲ್ಲಿ ಒಂದೂವರೆ ಮೀಟರೂ ಸಿಗುವುದಿಲ್ಲ. ಚಿಕ್ಕಪೇಟೆಯ ಗಲ್ಲಿಯಲ್ಲಿ ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಗೋಡೆ, ಇಲ್ಲವೇ ಸ್ಕೂಟರ್. ಅಲ್ಲಿ 50 ಇಟ್ಟುಕೊಂಡು ಒದ್ದಾಡಬೇಕು.

ಈಗ ಫೋಕಸ್. ನನಗೆ ತುಂಬಾ ಇಷ್ಟವಾದ ಕೆಲಸ ಇದು. ರಿಕೋ ಜಿಆರ್ 3 (28ರ ಲೆನ್ಸ್ ಇರುವ ಸಣ್ಣ ಕ್ಯಾಮೆರಾ, 2019ರಲ್ಲಿ ಬಂದದ್ದು, ಬ್ಯಾಟರಿ ಸೇರಿ 257 ಗ್ರಾಂ) ಕ್ಯಾಮೆರಾದಲ್ಲಿ ಸ್ನ್ಯಾಪ್ ಫೋಕಸ್ ಅಂತ ಇದೆ. ದೂರವನ್ನು ಮೊದಲೇ ಗೊತ್ತುಮಾಡಿ ಇಟ್ಟರೆ, ಬಟನ್ ಒತ್ತಿದ ತಕ್ಷಣ ಚಿತ್ರ. ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಸಂಖ್ಯೆ ದೊಡ್ಡದಾದರೆ ಕಿಂಡಿ ಚಿಕ್ಕದು) ಎಫ್ 8, ದೂರ 2 ಮೀಟರ್ ಇಡಿ. ಸುಮಾರು 1 ಮೀಟರ್‌ನಿಂದ 20 ಮೀಟರ್‌ವರೆಗೆ ಎಲ್ಲ ಸ್ಪಷ್ಟವಾಗಿರುತ್ತದೆ. 2 ಮೀಟರ್ ಅಂದರೆ ಒಂದು ಮಾರಿಗಿಂತ ಸ್ವಲ್ಪ ಜಾಸ್ತಿ. ಹೂವಿನವರು ಕೈ ಚಾಚಿ ಅಳೆದು ಕೊಡುತ್ತಾರಲ್ಲ, ಅದೇ ಮಾರು. ನಾಲ್ಕು ದಿನ ನೋಡಿದರೆ ಆ ದೂರ ಕಣ್ಣಿಗೆ ಅಭ್ಯಾಸವಾಗುತ್ತದೆ.

ಆದರೆ ಕೆ.ಆರ್. ಮಾರ್ಕೆಟ್‌ ಒಳಗೆ ಬೆಳಗಿನ ಜಾವ ಎಫ್ 8 ನಡೆಯುವುದಿಲ್ಲ, ಬೆಳಕು ಸಾಲದು. ಎಫ್ 4ಕ್ಕೆ ತೆರೆಯಿರಿ. ಆಗ ಸ್ಪಷ್ಟವಾಗಿರುವ ಜಾಗ ಸುಮಾರು 1.4ರಿಂದ 3.6 ಮೀಟರ್‌ಗೆ ಇಳಿಯುತ್ತದೆ. ಅಷ್ಟು ಸಾಕು. ಶಟರ್ 1/250 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಹೂವಿನ ರಾಶಿ ಹೊತ್ತು ಓಡುವವರ ಚಿತ್ರ ಮಸುಕಾಗುವುದಕ್ಕಿಂತ ಸ್ವಲ್ಪ ಕಾಳು ಕಾಳಾಗಿ ಬರುವುದೇ ವಾಸಿ. ಇನ್ನೊಂದು, ಹೊರಗೆ ನೀಲಿ ಟಾರ್ಪಾಲಿನ ಕೆಳಗೆ ಕೂತವರ ಮುಖವೆಲ್ಲ ನೀಲಿಯಾಗುತ್ತದೆ. ಅಲ್ಲಿ ನಾನು ಸುಮ್ನೆ ಕಪ್ಪು-ಬಿಳುಪಿಗೆ ಬದಲಾಯಿಸುತ್ತೇನೆ.

ಕ್ಯಾಮೆರಾ ಸಣ್ಣದಾಗಿರಬೇಕು ಅನ್ನುವುದು ಕದ್ದು ತೆಗೆಯಲಿಕ್ಕಲ್ಲ. ದೊಡ್ಡ ಲೆನ್ಸ್ ಕಂಡರೆ ಜನ ಟಿವಿಯವರು ಅಂದುಕೊಂಡು ಸೆಟೆದು ನಿಲ್ಲುತ್ತಾರೆ. ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾ ಇದ್ದರೆ ಮಾತಾಡಿಸಲು ಸುಲಭ. ಕಣ್ಣು ಸೇರಿದರೆ ತಲೆಯಾಡಿಸಿ. "ಯಾಕೆ ಸಾರ್ ಫೋಟೋ?" ಅಂದರೆ ನಿಂತು ಉತ್ತರ ಕೊಡಿ, ಸ್ಕ್ರೀನ್ ತೋರಿಸಿ. ಬೇಡ ಅಂದರೆ ಅಳಿಸಿಬಿಡಿ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಮೊದಲೇ ಕೇಳಿ. ಮೂಟೆ ಹೊತ್ತವರ ದಾರಿಗೆ ಅಡ್ಡ ನಿಲ್ಲಲೇಬೇಡಿ, ಅದು ಅವರ ದುಡಿಮೆಯ ಹೊತ್ತು.

ಕೊರತೆಗಳೂ ಇವೆ. ಜಿಆರ್ 3ರಲ್ಲಿ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ, ಉರಿ ಬಿಸಿಲಲ್ಲಿ ಸ್ಕ್ರೀನ್ ಸರಿಯಾಗಿ ಕಾಣುವುದಿಲ್ಲ. ಬ್ಯಾಟರಿ ಬೇಗ ಮುಗಿಯುತ್ತದೆ, ಜೇಬಲ್ಲಿ ಇನ್ನೊಂದು ಬೇಕೇ ಬೇಕು.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ 18-55 ಅನ್ನು 18ಕ್ಕೆ ತಿರುಗಿಸಿ, ಝೂಮ್ ರಿಂಗಿಗೆ ಟೇಪ್ ಅಂಟಿಸಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಫುಲ್ ಫ್ರೇಮ್‌ಗಿಂತ ಚಿಕ್ಕದು, ಹಾಗಾಗಿ ನಿಕಾನ್ ಆದರೆ ಅದು 27ಕ್ಕೆ ಸಮ, ಕ್ಯಾನನ್ ಆದರೆ ಸುಮಾರು 29. ಒಂದು ತಿಂಗಳು ಹಾಗೇ ತಿರುಗಾಡಿ. ಪ್ರತಿ ಚಿತ್ರದಲ್ಲೂ ಅಂಚಿನಲ್ಲಿ ಬೇಡದ್ದು ಜಾಸ್ತಿ ಬರುತ್ತಿದೆ ಅನ್ನಿಸಿದರೆ ಟೇಪ್ ಕಿತ್ತು 24ರ ಹತ್ತಿರ ಅಂಟಿಸಿ. ಅದು ಹಿಡಿಸಿದರೆ ನಿಮಗೆ ಬೇಕಾದದ್ದು 35. ಆಗ ರಿಕೋ ಬಿಟ್ಟು ಫುಜಿಫಿಲ್ಮ್ ಎಕ್ಸ್100 ಸರಣಿ ನೋಡಿ. ಅದರಲ್ಲಿ ವ್ಯೂಫೈಂಡರ್ ಕೂಡ ಇದೆ.