ಬೇಸಿಗೆ ಶಿಬಿರಕ್ಕೆ ಒಂದೇ ಕೃತಿ ಸಾಕೇ?

ಪ್ರಶ್ನೆ: ಅಭಿಜಾತ ಸಾಹಿತ್ಯ ಬೋಧಿಸುವ ಅಧ್ಯಾಪಕರಿಗಾಗಿ ಐದು ದಿನಗಳ ಬೇಸಿಗೆ ಶಿಬಿರ ನಡೆಸಬೇಕೆಂದಿದ್ದೇವೆ. ಹಲವು ಕೃತಿಗಳನ್ನು ಪರಿಚಯಿಸುವುದು ಒಳಿತೋ, ಒಂದನ್ನೇ ಓದುವುದೋ?

ಉತ್ತರ: ಒಂದನ್ನೇ ಓದಿರಿ. ಪ್ರಾಚೀನ ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯನ್ನು ಆರಿಸಿಕೊಂಡರೆ, 24 ಸರ್ಗಗಳ, 12,000ಕ್ಕೂ ಹೆಚ್ಚು ಸಾಲುಗಳ ಆ ಕಾವ್ಯವೇ ಐದು ದಿನಗಳಿಗೆ ಮಿಗಿಲಾಯಿತು, ಆದ್ದರಿಂದ ಇಡೀ ಕೃತಿಯನ್ನು ಮನೆಯಲ್ಲಿ ಓದಿಕೊಂಡು ಬರುವಂತೆ ಮೊದಲೇ ತಿಳಿಸಿ, ಶಿಬಿರದಲ್ಲಿ ಆಯ್ದ ಭಾಗಗಳನ್ನಷ್ಟೇ ಗಟ್ಟಿಯಾಗಿ ಓದಿಸುವುದು ಮೇಲು. 17ನೆಯ ಸರ್ಗದಲ್ಲಿ, 20 ವರ್ಷಗಳ ಬಳಿಕ ಭಿಕ್ಷುಕನ ವೇಷದಲ್ಲಿ ಮನೆಗೆ ಮರಳಿದ ತನ್ನೊಡೆಯ, ಕಥಾನಾಯಕ ಒಡಿಸ್ಯೂಸನನ್ನು ಗುರುತಿಸಿ, ಬಾಲವಾಡಿಸಿ, ಕಿವಿ ಇಳಿಸಿ, ಹತ್ತಿರ ಬರಲಾರದೆ ಸಗಣಿಯ ರಾಶಿಯ ಮೇಲೆಯೇ ಪ್ರಾಣಬಿಡುವ ಮುದಿನಾಯಿ ಆರ್ಗೋಸನ ಪ್ರಸಂಗವೊಂದೇ ಇಡೀ ಬೆಳಗಿನ ಚರ್ಚೆಗೆ ಸಾಲುತ್ತದೆ. ಉಪನ್ಯಾಸಗಳು ಕಡಿಮೆಯಿರಲಿ. ಸಂಜೆಗಳನ್ನು ಬಿಡುವಾಗಿಡಿ, ವರ್ಷವಿಡೀ ಪರೀಕ್ಷೆಗೆಂದು ಪಾಠ ಹೇಳಿ ದಣಿದವರಿಗೆ ತಮಗಾಗಿ ಓದಿಕೊಳ್ಳುವ ವೇಳೆಯೂ ಬೇಕು.