ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ವಾಟ್ಸಾಪ್

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅವರ ಲ್ಯಾಪ್‌ಟಾಪ್‌ನಲ್ಲೇ ವಾಟ್ಸಾಪ್ ವೆಬ್ ತೆರೆದಿಡುತ್ತೇನೆ. ಮ್ಯಾನೇಜರ್ ನನ್ನ ಮೆಸೇಜು ಓದಬಹುದೇ ಸರ್? ಅವರಿಗೆ ಆ ಹಕ್ಕಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಓದಲು ಸಾಧ್ಯವಿದೆ. ವಾಟ್ಸಾಪ್‌ನ ಎನ್‌ಕ್ರಿಪ್ಷನ್, ಅಂದರೆ ಬೇರೆಯವರಿಗೆ ಓದಲಾಗದಂತೆ ಗುಪ್ತಲಿಪಿ ಮಾಡುವ ವ್ಯವಸ್ಥೆ, ಮೆಸೇಜನ್ನು ಕಾಯುವುದು ದಾರಿಯಲ್ಲಿ ಮಾತ್ರ. ಪರದೆಯ ಚಿತ್ರ ಹಿಡಿಯುವ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ನೊಳಗೇ ಕೂತಿದ್ದರೆ ಎನ್‌ಕ್ರಿಪ್ಷನ್‌ನಿಂದ ಉಪಯೋಗವಿಲ್ಲ. ಇವತ್ತೇ ಫೋನಿನ ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಆ ಲ್ಯಾಪ್‌ಟಾಪನ್ನು ಲಾಗ್ ಔಟ್ ಮಾಡಿ. ಬರೀ ಟ್ಯಾಬ್ ಮುಚ್ಚಿದರೆ ಸಾಲದು, ಲಾಗಿನ್ ಹಾಗೇ ಉಳಿಯುತ್ತದೆ.

ಹಕ್ಕಿನ ಮಾತು ಇಷ್ಟು ಸಲೀಸಲ್ಲ. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಆದರೆ ಅದರ ಬಲ ಮುಖ್ಯವಾಗಿ ಸರ್ಕಾರದ ಎದುರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 7ನೇ ಕಲಮೋ, ವ್ಯಾಪಾರದ ಗುಟ್ಟು ಸೋರುವಂಥ ನಷ್ಟ ತಡೆಯಲು ನೌಕರರ ದತ್ತಾಂಶ ಬಳಸುವುದಾದರೆ ಅವರ ಒಪ್ಪಿಗೆ ಬೇಡವೆನ್ನುತ್ತದೆ. ನಿಮ್ಮ ಮನೆಮಾತು ಇಣುಕಲು ಆ ನೆಪ ಸಾಲದು ಎಂಬುದು ನಮ್ಮ ಅಭಿಪ್ರಾಯ. ಯಾವುದನ್ನು ನೋಡುತ್ತೀರಿ, ಎಷ್ಟು ದಿನ ಇಡುತ್ತೀರಿ ಎಂದು ಎಚ್‌ಆರ್‌ಗೆ ಇಮೇಲಿನಲ್ಲೇ ಕೇಳಿ.