ಬಡ ದೇಶದ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೊರಡುವ ಮೊದಲು

ನರ್ಸಿಂಗ್ ಮುಗಿಸಿದ್ದೀರಿ, ಬಡ ದೇಶವೊಂದರ ಆಸ್ಪತ್ರೆಯಲ್ಲಿ ಎರಡು ತಿಂಗಳು ಸ್ವಯಂಸೇವೆ ಮಾಡಲು ಹೋಗಬೇಕು, ತಯಾರಿ ಹೇಗೆ ಅಂತ ಕೇಳಿದ್ದೀರಿ. ನಾನೂ ವಾರ್ಡ್ ನರ್ಸ್, ಇಂಥ ಕಡೆ ಕೆಲಸ ಮಾಡಿ ಬಂದವಳು.

ಬ್ಯಾಗಿಗೆ ಏನು ತುಂಬಬೇಕು ಅನ್ನೋದು ಆಮೇಲೆ. ಮೊದಲು ಆ ಆಸ್ಪತ್ರೆಯ ನರ್ಸಿಂಗ್ ಮುಖ್ಯಸ್ಥರಿಗೇ ಬರೆದು, ನಾನು ಬಂದರೆ ನಿಮಗೆ ಯಾವ ಕೆಲಸಕ್ಕೆ ಅನುಕೂಲ ಅಂತ ಕೇಳಿ. ಕಳಿಸುವ ಸಂಸ್ಥೆಯವರ ಮಾತು ಸಾಲದು. ಹೊಸಬರಿಗೆ ವಾರ್ಡ್ ತೋರಿಸಲು, ರೋಗಿಯ ಮಾತು ತಿಳಿಸಿ ಹೇಳಲು ಅಲ್ಲಿನ ನರ್ಸ್ ಒಬ್ಬರು ತಮ್ಮ ಕೆಲಸ ಬಿಟ್ಟು ಬರಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇರುವ ಕಡೆ ಅದು ಸಣ್ಣ ಹೊರೆಯಲ್ಲ. ಸ್ಪಷ್ಟ ಉತ್ತರ ಬರದಿದ್ದರೆ ಹೊರಡಬೇಡಿ ಅಂತಲೇ ಹೇಳ್ತೀನಿ.

ಆ ದೇಶದ ನರ್ಸಿಂಗ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ ಬೇಕಾ, ವಿಚಾರಿಸಿ. ನಿಮ್ಮ ಊರಲ್ಲಿ ಮಾಡಲು ಅನುಮತಿ ಇಲ್ಲದ ಕೆಲಸವನ್ನು ಅಲ್ಲೂ ಮಾಡಬೇಡಿ. "ಇಲ್ಲಿ ಯಾರೂ ಇಲ್ಲ, ನೀವೇ ಹೊಲಿಗೆ ಹಾಕಿ" ಅಂತ ಯಾರಾದರೂ ಒತ್ತಾಯಿಸಿದರೂ ಸರಿ. ಬಡವರ ಮೈ ಕಲಿಯೋಕೆ ಇರೋದಲ್ಲ. ಈ ವಿಷಯದಲ್ಲಿ ನನಗೆ ತುಂಬಾ ಕೋಪ ಬರುತ್ತದೆ.

ಹೋಗುವ ಮುಂಚೆ ಒಂದನ್ನು ಚೆನ್ನಾಗಿ ಕಲಿಯಿರಿ: ಹುಟ್ಟಿದ ಮಗು ಉಸಿರಾಡದಿದ್ದರೆ ಬ್ಯಾಗ್ (ಕೈಯಿಂದ ಒತ್ತುವ ಗಾಳಿ ಚೀಲ) ಮತ್ತು ಮಗುವಿನ ಮೂಗು-ಬಾಯಿ ಮುಚ್ಚುವ ಮಾಸ್ಕ್‌ನಿಂದ ಉಸಿರು ಕೊಡುವುದು. 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಅನ್ನೋ ತರಬೇತಿ ಸೌಲಭ್ಯ ಕಡಿಮೆ ಇರುವ ಆಸ್ಪತ್ರೆಗಳಿಗಾಗಿಯೇ 2010ರಲ್ಲಿ ಶುರುವಾಯಿತು. ಮಗುವನ್ನು ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿ ನೋಡಿ, ಆಗಲೂ ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಗಾಳಿ ಕೊಡಲು ಶುರು ಮಾಡಬೇಕು. ದೊಡ್ಡ ಯಂತ್ರ ಬೇಡ, ಕರೆಂಟೂ ಬೇಡ. ಅಲ್ಲಿನವರಿಗೆ ಆಗಲೇ ಗೊತ್ತಿದ್ದರೆ ಅವರ ಜೊತೆ ಗೊಂಬೆ ಇಟ್ಟುಕೊಂಡು ಅಭ್ಯಾಸ ಮಾಡಿ. ಒಮ್ಮೆ ಕಲಿತು ಸುಮ್ಮನೆ ಬಿಟ್ಟರೆ ಕೈ ಮರೆಯುತ್ತದೆ. ನೀವು ವಾಪಸ್ ಬಂದ ಮೇಲೂ ಉಳಿಯುವ ಕೆಲಸ ಇದು.

ಲಸಿಕೆಗೆ ಈಗಲೇ ಓಡಾಡಿ. ಹೆಪಟೈಟಿಸ್ ಬಿ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಬೇಕು. ಹಳದಿ ಜ್ವರದ ಲಸಿಕೆ ಕಡ್ಡಾಯ ಇರುವ ದೇಶವಾದರೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ, ಸರ್ಟಿಫಿಕೇಟ್ ಅದಾದ ಮೇಲೇ ಊರ್ಜಿತ. ಕೆಲಸದಲ್ಲಿ ಸೂಜಿ ಚುಚ್ಚಿದರೆ ಎಚ್ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಅದು ಆ ಆಸ್ಪತ್ರೆಯಲ್ಲಿ ಸಿಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹಳೇ ಯಂತ್ರ, ಉಳಿದ ಔಷಧಿ ಹೊತ್ತುಕೊಂಡು ಹೋಗಬೇಡಿ. ಬಿಡಿಭಾಗ ಸಿಗದ ಯಂತ್ರ ಮೂಲೆ ಸೇರುತ್ತದೆ. ರೋಗಿಗಳ ಫೋಟೋ ಬೇಡವೇ ಬೇಡ.

ಮಲೇರಿಯಾ ಇರುವ ಜಾಗವಾದರೆ ತಡೆ ಮಾತ್ರೆಯನ್ನು ಮನೆಗೆ ಬಂದ ತಕ್ಷಣ ನಿಲ್ಲಿಸಬೇಡಿ. ಡಾಕ್ಸಿಸೈಕ್ಲಿನ್ ಆದರೆ ಇನ್ನೂ 4 ವಾರ ತೆಗೆದುಕೊಳ್ಳಬೇಕು. ತಿಂಗಳುಗಳು ಕಳೆದ ಮೇಲೆ ಜ್ವರ ಬಂದರೂ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಮೊದಲು ಹೇಳಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.